ಹೆಡ್‌ಫೋನ್ ಕಿತ್ತಿಟ್ಟು ಎದ್ದು ಹೋಗುವಂತೆ ಮಾಡಿದ ಹಾರರ್ ಗೇಮ್ ಯಾವುದು?

ರಾತ್ರಿಪಾಳಿ (ಬೆಳಗಾವಿ)

ಕ್ರಿಕೆಟ್ ಗೇಮು, ಕಾರ್ ರೇಸು ಅಂತ ಮಾತಾಡಿದ್ದು ಸಾಕು. ಸ್ವಲ್ಪ ದೆವ್ವಗಳ ಕಡೆ ಬರೋಣ. ಮಳೆ ಬೇರೆ ಹಿಡಿದಿದೆ. ಬೆಳಗಾವಿ ಮಳೆ ಗೊತ್ತಲ್ಲ, ಹಿಡಿದರೆ ಬಿಡುವುದಿಲ್ಲ. ಮನೆಯಲ್ಲಿ ಕೂತು ಅಂಜಿಕೊಳ್ಳಲು ಇದಕ್ಕಿಂತ ಒಳ್ಳೆ ಕಾಲ ಸಿಗಲಿಕ್ಕಿಲ್ಲ.

ಕೇಳುವುದು ಇಷ್ಟೇ. ನೀವು ಆಡಿದ್ದರಲ್ಲಿ ನಿಜವಾಗಿ ಹೆದರಿಸಿದ ಗೇಮ್ ಯಾವುದು? ಬರೀ ಹೆಸರು ಹಾಕಿ ಹೋಗಬೇಡಿ, ಯಾಕೆ ಹೆದರಿಸಿತು ಅಂತ ಬಿಡಿಸಿ ಬರೆಯಿರಿ. ದಿಢೀರನೆ ಮುಖದ ಮುಂದೆ ಬಂದು ಕಿರುಚುವ ಜಂಪ್ ಸ್ಕೇರ್ ಗೇಮ್‌ಗಳನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕುಕ್ಕರ್ ಸೀಟಿ ಹೊಡೆದರೂ ಬೆಚ್ಚಿ ಬೀಳುತ್ತೇವೆ, ಹಾಗಂತ ಕುಕ್ಕರಿಗೆ ಯಾರಾದರೂ ಅಂಜುತ್ತಾರಾ?

ನನ್ನ ಓಟು ಆಮ್ನೀಸಿಯಾ: ದಿ ಡಾರ್ಕ್ ಡಿಸೆಂಟ್‌ಗೆ. ಸ್ವೀಡನ್ನಿನ ಫ್ರಿಕ್ಷನಲ್ ಗೇಮ್ಸ್‌ನವರು 2010ರಲ್ಲಿ ಬಿಟ್ಟಿದ್ದು. ಕಥೆ ನಡೆಯುವುದು 1839ರಲ್ಲಿ, ಪ್ರಶ್ಯದ ಒಂದು ಕೋಟೆಯೊಳಗೆ. ಕೈಯಲ್ಲಿ ಕತ್ತಿ ಇಲ್ಲ, ಬಂದೂಕು ಇಲ್ಲ. ಒಂದು ಲಾಟೀನು ಇದೆ, ಅದಕ್ಕೂ ಎಣ್ಣೆ ಸಾಲುವುದಿಲ್ಲ. ಕತ್ತಲಲ್ಲಿ ಅವಿತು ಕೂತರೆ ನಿಮ್ಮ ಪಾತ್ರಕ್ಕೆ ತಲೆ ಕೆಡುತ್ತಾ ಹೋಗುತ್ತದೆ. ದೀಪ ಹಚ್ಚಿದರೆ ಅಲ್ಲಿ ಓಡಾಡುವ ಭೂತಕ್ಕೆ ನೀವು ಕಾಣುತ್ತೀರಿ. ಹೋಗಲಿ, ಅದು ಎಲ್ಲಿದೆ ಅಂತ ಇಣುಕಿ ನೋಡೋಣ ಅಂದರೆ, ನೋಡಿದರೂ ತಲೆ ಕೆಡುತ್ತದೆ! ಕೊನೆಗೆ ಮೂಲೆಯಲ್ಲಿ ಗೋಡೆ ಕಡೆ ಮುಖ ಮಾಡಿ ನಿಂತು, ಬೆನ್ನ ಹಿಂದಿನ ಹೆಜ್ಜೆ ಸಪ್ಪಳ ದೂರ ಹೋಗಲಿ ಅಂತ ಕಾಯುವುದು.

ಅದರಲ್ಲೊಂದು ನೀರು ತುಂಬಿದ ನೆಲಮಾಳಿಗೆ ಬರುತ್ತದೆ. ಅಲ್ಲಿರುವ ಜೀವಿ ಕಣ್ಣಿಗೆ ಕಾಣುವುದೇ ಇಲ್ಲ. ನೀರು ಚಿಮ್ಮುವುದು ಮಾತ್ರ ಕಾಣುತ್ತದೆ. ಚಪ್, ಚಪ್, ಚಪ್ ಅಂತ ನಿಮ್ಮ ಕಡೆಗೇ. ಪೆಟ್ಟಿಗೆಯಿಂದ ಪೆಟ್ಟಿಗೆಗೆ ಹಾರುತ್ತಾ ಹೋಗಬೇಕು, ಕಾಲು ನೀರಿಗೆ ಬಿತ್ತೋ ಮುಗೀತು. ಒಂದು ಭೂತದ ಚಿತ್ರವನ್ನೂ ಬರೆಯದೆ ಇಷ್ಟು ಹೆದರಿಸಿದ್ದಾರಲ್ಲ, ಅದು ಕೆಲಸ.

ಹಾಗಾಗಿ ನನ್ನ ವಾದ ಸೀದಾ ಇದೆ. ಆಟಗಾರನ ಕೈಗೆ ಆಯುಧ ಕೊಟ್ಟ ಗೇಮ್ ಪೂರ್ತಿ ಹೆದರಿಸಲಾರದು. ಬನ್ನಿ, ಜಗಳಾಡಿ.

ಮೊಬೈಲ್ ಮಾಸ್ತರ (ಇಳಕಲ್)

ಗ್ರಾನಿ. ಮುಗೀತು.

ಖಡೇಬಜಾರ್ ಕಂಟ್ರೋಲರ್ (ಬೆಳಗಾವಿ)

ಜಗಳಕ್ಕೆ ಕರೆದಿದ್ದೀರಿ, ಬಂದೆ.

ಆಯುಧ ಇದ್ದರೆ ಭಯ ಇಲ್ಲ ಅನ್ನುವುದು ಅರ್ಧ ಮಾತು. ಆಯುಧ ಎಂಥದ್ದು ಅನ್ನುವುದು ಮುಖ್ಯ. ಫೇಟಲ್ ಫ್ರೇಮ್ ಆಡಿದ್ದೀರಾ? ಟೆಕ್ಮೋ ಕಂಪನಿ 2001ರಲ್ಲಿ ಪ್ಲೇಸ್ಟೇಷನ್ 2ಕ್ಕೆ ತಂದ ಜಪಾನಿ ಗೇಮ್. ಅದರಲ್ಲಿ ದೆವ್ವವನ್ನು ಹೊಡೆಯಲು ಕೊಡುವುದು ಒಂದು ಹಳೇ ಕ್ಯಾಮೆರಾ. ಫೋಟೋ ತೆಗೆದರೆ ದೆವ್ವಕ್ಕೆ ಪೆಟ್ಟು. ದೂರದಿಂದ ಕ್ಲಿಕ್ಕಿಸಿದರೆ ಸಣ್ಣ ಪೆಟ್ಟು. ಅದು ಮೈಮೇಲೆ ಬೀಳುವ ಕ್ಷಣದವರೆಗೂ ಬಿಟ್ಟುಕೊಂಡು, ಮುಖ ಫ್ರೇಮ್ ತುಂಬಿದಾಗ ಕ್ಲಿಕ್ಕಿಸಿದರೆ ದೊಡ್ಡ ಪೆಟ್ಟು. ಅಂದರೆ ಗೆಲ್ಲಬೇಕಾದರೆ ಕಣ್ಣು ಮುಚ್ಚುವ ಹಾಗಿಲ್ಲ. ನಿಮ್ಮ ಆಮ್ನೀಸಿಯಾ ಮುಖ ತಿರುಗಿಸು ಅನ್ನುತ್ತದೆ, ಇದು ಕಣ್ಣಲ್ಲಿ ಕಣ್ಣಿಟ್ಟು ನೋಡು ಅನ್ನುತ್ತದೆ. ಯಾವುದು ಕಷ್ಟ ಹೇಳಿ? ಇದೇ ಸರಣಿಯ ಮೇಡನ್ ಆಫ್ ಬ್ಲ್ಯಾಕ್ ವಾಟರ್ 2021ರಲ್ಲಿ ಕಂಪ್ಯೂಟರಿಗೂ ಬಂದಿದೆ, ಬೇಕಾದವರು ನೋಡಿ.

ಇನ್ನು 2008ರ ಡೆಡ್ ಸ್ಪೇಸ್, ವಿಕಾರ ಪ್ರಾಣಿಗಳು ತುಂಬಿದ ಬಾಹ್ಯಾಕಾಶ ಹಡಗಿನ ಗೇಮ್. ಅದರಲ್ಲಿ ಆಯುಧಕ್ಕೆ ಬರ ಇಲ್ಲ. ಆದರೆ ತಲೆಗೆ ಗುಂಡು ಹೊಡೆದರೆ ಆ ಪ್ರಾಣಿ ಸಾಯುವುದಿಲ್ಲ, ಕೈಕಾಲು ಒಂದೊಂದೇ ಕತ್ತರಿಸಬೇಕು. ಬೇರೆ ಶೂಟಿಂಗ್ ಗೇಮ್‌ಗಳಲ್ಲಿ ಕೈಗೆ ಕೂತ ಅಭ್ಯಾಸವೇ ಇಲ್ಲಿ ನಿಮ್ಮ ವೈರಿ. ಅದು ಓಡಿ ಬರುತ್ತಿರುವಾಗ ಗುರಿ ತಲೆಯಿಂದ ಕಾಲಿಗೆ ಇಳಿಸಬೇಕು, ಕೈ ನಡುಗುತ್ತಿರುತ್ತದೆ. ಸಾಮಾನಿನ ಮೆನು ತೆಗೆದರೂ ಆಟ ನಿಲ್ಲುವುದಿಲ್ಲ. ಎಷ್ಟು ಜೀವ ಉಳಿದಿದೆ ಅಂತ ತೋರಿಸುವ ಪಟ್ಟಿ ಕೂಡ ಪರದೆಯ ಮೂಲೆಯಲ್ಲಿಲ್ಲ, ಹೀರೋನ ಬೆನ್ನಮೇಲೆ ಇದೆ. ಉಸಿರು ಬಿಡಲು ಒಂದು ಜಾಗವನ್ನೂ ಇಟ್ಟಿಲ್ಲ ಪುಣ್ಯಾತ್ಮರು.

ಜಂಪ್ ಸ್ಕೇರ್ ಬಗ್ಗೆಯೂ ನನ್ನ ತಕರಾರಿದೆ. 1996ರ ಮೊದಲ ರೆಸಿಡೆಂಟ್ ಈವಿಲ್‌ನಲ್ಲಿ ಕಿಟಕಿ ಒಡೆದುಕೊಂಡು ನಾಯಿ ಒಳಗೆ ಹಾರುತ್ತದಲ್ಲ, ಅದು ಅಪ್ಪಟ ಜಂಪ್ ಸ್ಕೇರ್. ಆದರೆ ಅಲ್ಲಿಯವರೆಗೆ ಕಿಟಕಿ ಬರೀ ಕಿಟಕಿ. ಅದಾದ ಮೇಲೆ ಮನೆಯ ಪ್ರತಿ ಕಿಟಕಿಗೂ ಅಂಜಬೇಕು. ಒಂದು ಸಲ ಬೆಚ್ಚಿಸಿ ಇಡೀ ಗೇಮಿಗೆ ಆಗುವಷ್ಟು ಭಯ ಕೂಡಿಟ್ಟರು. ಅದನ್ನು ಅಗ್ಗದ ಕೆಲಸ ಅನ್ನುವುದಕ್ಕೆ ನನಗೆ ಮನಸ್ಸು ಬರುವುದಿಲ್ಲ.

ಸೆಕ್ಟರ್ ಸಂಜೆ (ನವನಗರ, ಬಾಗಲಕೋಟೆ)

ಮೊಬೈಲ್ ಮಾಸ್ತರರೇ, ಯಾಕೆ ಅಂತ ಬರೆಯಿರಿ ಅಂದಿದ್ದಾರೆ. "ಮುಗೀತು" ಅಂದರೆ ಹೇಗೆ?

ಮೊಬೈಲ್ ಮಾಸ್ತರ (ಇಳಕಲ್)

ಬರೆಯುತ್ತೇನೆ ಅಕ್ಕಾ. ನೀವೆಲ್ಲ ದೊಡ್ಡ ಕಂಪ್ಯೂಟರ್ ಇಟ್ಟುಕೊಂಡವರು, ಗ್ರಾನಿ ಅಂದರೆ ನಗುತ್ತೀರಿ ಅಂತ ಗೊತ್ತು. ನಮ್ಮ ಕಡೆ ಹುಡುಗರು ಹಾರರ್ ಅಂತ ಮೊದಲು ಆಡಿದ್ದೇ ಫೋನಿನಲ್ಲಿ, ಅದೂ ಅಣ್ಣನ ಹಳೇ ಫೋನು, ಗಾಜು ಒಡೆದಿದ್ದು.

2017ರಲ್ಲಿ ಬಂತು. ಒಂದು ಮನೆ, ಒಳಗೆ ಕೂಡಿ ಹಾಕಿದ್ದಾರೆ, ಐದು ದಿನದಲ್ಲಿ ತಪ್ಪಿಸಿಕೊಳ್ಳಬೇಕು. ಮುದುಕಿಗೆ ಕಿವಿ ಭಾಳ ಚುರುಕು. ಕೈಯಿಂದ ಒಂದು ಸಾಮಾನು ಕೆಳಗೆ ಬಿದ್ದರೆ ಸಾಕು, ಬಡಿಗೆ ಹಿಡಿದು ಓಡಿ ಬರುತ್ತಾಳೆ. ಕೆಲವು ಹಲಗೆ ಮೇಲೆ ಕಾಲಿಟ್ಟರೆ ಕಿರ್ ಅನ್ನುತ್ತದೆ. ಮಂಚದ ಕೆಳಗೆ ಹೊಕ್ಕು ಮಲಗಿದರೆ ಅವಳ ಕಾಲು ಮಾತ್ರ ಕಾಣುತ್ತದೆ.

ಈಗ ಇದರಲ್ಲಿ ಏನಿದೆ ಅಂತ ಯೋಚಿಸಿ. ಚಿತ್ರ ಸಾಧಾರಣ. ಕಥೆ ಇಲ್ಲವೇ ಇಲ್ಲ. ಆದರೆ ನಿಯಮ ಒಂದೇ, ಸಪ್ಪಳ ಮಾಡಬೇಡ. ಮಧ್ಯಾಹ್ನ ಮನೆಯಲ್ಲಿ ದೊಡ್ಡವರು ಮಲಗಿದಾಗ ಡಬ್ಬಿಯಿಂದ ಉಂಡಿ ಕದ್ದ ಯಾವ ಹುಡುಗನಿಗೂ ಆ ನಿಯಮ ಹೊಸದಲ್ಲ. ಮುದುಕಿಯೇ ದೆವ್ವ ಅನ್ನುವುದೂ ಹೊಸದಲ್ಲ. ಹೇಳಿಕೊಡದೆ ಅರ್ಥವಾಗುವ ಭಯ ಅದು. 2019ರಲ್ಲಿ ಎರಡನೇ ಭಾಗ ಬಂತು. ಅದರಲ್ಲಿ ಅಜ್ಜನೂ ಇದ್ದಾನೆ, ಅವನಿಗೆ ಕಿವಿ ಮಂದ, ಆದರೆ ಬಂದೂಕು ಇದೆ. ಈಗ ಒಬ್ಬರಿಗೆ ಸಪ್ಪಳ ಕೇಳಬಾರದು, ಇನ್ನೊಬ್ಬರ ಕಣ್ಣಿಗೆ ಬೀಳಬಾರದು. ಇಬ್ಬರಿಂದಲೂ ಒಂದೇ ಸಲ ಬಚ್ಚಿಟ್ಟುಕೊಳ್ಳಿ ನೋಡೋಣ.

ರಾತ್ರಿಪಾಳಿ (ಬೆಳಗಾವಿ)

ನಗಲಿಲ್ಲ ತಮ್ಮಾ. ಮಂಚದ ಕೆಳಗಿನ ಕಾಲು ಒಳ್ಳೆ ಉದಾಹರಣೆ. ಪೂರ್ತಿ ಮುದುಕಿ ಕಾಣುವುದಕ್ಕಿಂತ ಅದು ಕೆಟ್ಟದ್ದು.

ಕಂಟ್ರೋಲರ್ ಸಾಹೇಬ್ರಿಗೆ: ಫೇಟಲ್ ಫ್ರೇಮ್ ಕ್ಯಾಮೆರಾವನ್ನು ನಾನು ಆಯುಧ ಅನ್ನುವುದಿಲ್ಲ, ಶಿಕ್ಷೆ ಅನ್ನುತ್ತೇನೆ. ಡೆಡ್ ಸ್ಪೇಸ್ ಕೊನೆಯ ಅಧ್ಯಾಯಗಳಲ್ಲಿ ನಿಮಗೆ ಭಯ ಉಳಿದಿತ್ತಾ? ಎದೆ ಮುಟ್ಟಿ ಹೇಳಿ. ಅಷ್ಟೊತ್ತಿಗೆ ಎಲ್ಲ ಆಯುಧ ಅಪ್‌ಗ್ರೇಡ್ ಆಗಿ, ನೀವೇ ಆ ಹಡಗಿನ ದೆವ್ವ ಆಗಿರುತ್ತೀರಿ.

ಗುಮ್ಮಟ ಗ್ಯಾಲರಿ (ವಿಜಯಪುರ)

ಎಲ್ಲರೂ ಏನು ಕಂಡಿತು, ಏನು ಕಾಣಲಿಲ್ಲ ಅಂತಲೇ ಬರೆಯುತ್ತಿದ್ದೀರಿ. ಹಾರರ್ ಗೇಮಿನ ಮುಕ್ಕಾಲು ಭಾಗ ಕಿವಿಯದು. ನಂಬಿಕೆ ಇಲ್ಲದಿದ್ದರೆ ನಿಮ್ಮ ಇಷ್ಟದ ಗೇಮನ್ನು ಸೌಂಡ್ ಪೂರ್ತಿ ತೆಗೆದು ಆಡಿ. ಬರೀ ಕತ್ತಲೆ ಕೋಣೆಯಲ್ಲಿ ಬಾಗಿಲು ಹುಡುಕುವ ಕೆಲಸ ಆಗುತ್ತದೆ.

ನಾನು ಹುಟ್ಟಿ ಬೆಳೆದದ್ದು ಗೋಳಗುಮ್ಮಟದ ಊರಲ್ಲಿ, ಹಾಗಾಗಿ ಸೌಂಡ್ ವಿಷಯ ಬಂದರೆ ಸುಮ್ಮನೆ ಕೂರಲು ಆಗುವುದಿಲ್ಲ, ಕ್ಷಮಿಸಿ. ಮಹಮ್ಮದ್ ಆದಿಲ್ ಶಾಹನ ಗೋರಿಯ ಮೇಲೆ ಸುಮಾರು 44 ಮೀಟರ್ ಅಗಲದ ಗುಮ್ಮಟ. ಅದರ ಒಳಗೆ ಸುತ್ತಲೂ ಗ್ಯಾಲರಿ. ಆ ಕಡೆ ಗೋಡೆಗೆ ಬಾಯಿಟ್ಟು ಯಾರಾದರೂ ಪಿಸುಗುಟ್ಟಿದರೆ ಈ ಕಡೆ ಗೋಡೆಗೆ ಕಿವಿಯಿಟ್ಟವರಿಗೆ ಕೇಳುತ್ತದೆ. ಶಬ್ದ ದುಂಡನೆ ಗೋಡೆಯ ಗುಂಟ ಹರಿದುಕೊಂಡು ಬರುತ್ತದೆ. ಮಂದಿ ಇಲ್ಲದ ಹೊತ್ತಿನಲ್ಲಿ ಒಬ್ಬರೇ ನಿಂತು ಕೇಳಿ. ಎದುರಿಗೆ ಬಹು ದೂರದಲ್ಲಿ ಚಿಕ್ಕದಾಗಿ ನಿಂತ ಮನುಷ್ಯ, ಧ್ವನಿ ಮಾತ್ರ ಕಿವಿ ಪಕ್ಕದಲ್ಲಿ! ಕಣ್ಣು ಒಂದು ಹೇಳುತ್ತದೆ, ಕಿವಿ ಇನ್ನೊಂದು ಹೇಳುತ್ತದೆ. ಮೈ ಜುಂ ಅನ್ನುತ್ತದೆ. ಹಗಲು ಹೊತ್ತಿನಲ್ಲೇ.

2017ರ ಹೆಲ್‌ಬ್ಲೇಡ್: ಸೆನುವಾಸ್ ಸ್ಯಾಕ್ರಿಫೈಸ್ ಇದನ್ನೇ ಹೆಡ್‌ಫೋನಿನೊಳಗೆ ಮಾಡಿತು. ಎರಡೂ ಕಿವಿಯ ಜಾಗದಲ್ಲಿ ಮೈಕ್ ಇಟ್ಟು ಮಾಡುವ ರೆಕಾರ್ಡಿಂಗ್ ಇದೆಯಲ್ಲ, ಬೈನಾರಲ್ ಅನ್ನುತ್ತಾರೆ, ಆ ರೀತಿ ಧ್ವನಿಗಳನ್ನು ಹಿಡಿದಿದ್ದಾರೆ. ಎಡ ಕಿವಿಗೆ ಬರುವ ಶಬ್ದ ಬಲ ಕಿವಿಗೆ ಒಂದು ಕೂದಲೆಳೆಯಷ್ಟು ತಡವಾಗಿ, ಸ್ವಲ್ಪ ಮೆತ್ತಗಾಗಿ ತಲುಪುತ್ತದೆ. ಮಿದುಳು ಆ ವ್ಯತ್ಯಾಸ, ಕಿವಿಯ ಆಕಾರ ಶಬ್ದವನ್ನು ಬದಲಿಸುವ ರೀತಿ, ಎರಡನ್ನೂ ನೋಡಿ ದಿಕ್ಕು ಹೇಳುವುದು. ಅದನ್ನು ಸರಿಯಾಗಿ ಕೊಟ್ಟರೆ ಬೆನ್ನ ಹಿಂದೆ ಯಾರೋ ನಿಂತಿದ್ದಾರೆ ಅಂತ ಮಿದುಳು ನಂಬಿಬಿಡುತ್ತದೆ. ಆ ಗೇಮಿನ ನಾಯಕಿಗೆ ತಲೆಯೊಳಗೆ ಧ್ವನಿಗಳು ಕೇಳುವ ಕಾಯಿಲೆ. ಒಬ್ಬಳು ಹಿಂದೆ ಹೋಗು ಅನ್ನುತ್ತಾಳೆ, ಒಬ್ಬಳು ನಗುತ್ತಾಳೆ, ಒಬ್ಬಳು ಹುಷಾರು ಅನ್ನುತ್ತಾಳೆ. ಹಾರರ್ ಅಂತ ಮಾರಿದ ಗೇಮ್ ಅಲ್ಲ ಅದು, ಆದರೂ ನನ್ನ ಪಟ್ಟಿಯಲ್ಲಿ ಮೇಲಿದೆ.

ಇದಕ್ಕೆ ತದ್ವಿರುದ್ಧ ದಾರಿ 1999ರ ಸೈಲೆಂಟ್ ಹಿಲ್‌ನದು. ಅದರಲ್ಲಿ ಜೇಬಿನಲ್ಲೊಂದು ಸಣ್ಣ ರೇಡಿಯೋ. ದೆವ್ವ ಹತ್ತಿರ ಬಂದರೆ ಗರಗರ ಅನ್ನುತ್ತದೆ. ಬರುತ್ತಿದೆ ಅಂತ ಹೇಳುತ್ತದೆ, ಯಾವ ಕಡೆಯಿಂದ ಅಂತ ಹೇಳುವುದಿಲ್ಲ. ಸುತ್ತಲೂ ಮಂಜು. ಆ ಮಂಜಿನ ಕಥೆ ಭಾಳ ಮಂದಿಗೆ ಗೊತ್ತಿರಬೇಕು. ಮೊದಲ ಪ್ಲೇಸ್ಟೇಷನ್ನಿಗೆ ದೂರದ ಬೀದಿ, ಮನೆ ಎಲ್ಲ ಒಟ್ಟಿಗೆ ಬರೆದು ತೋರಿಸುವ ತಾಕತ್ತು ಇರಲಿಲ್ಲ. ಅದನ್ನು ಮುಚ್ಚಲು ಮಂಜು ಮತ್ತು ಕತ್ತಲೆ ತುಂಬಿದರು. ಮಷೀನಿನ ಬಡತನವೇ ಗೇಮಿನ ಗುರುತಾಯಿತು. ಮುಂದೆ ಶಕ್ತಿಯುಳ್ಳ ಮಷೀನ್ ಬಂದ ಮೇಲೂ ಮಂಜು ತೆಗೆಯಲಿಲ್ಲ. 2024ರ ಸೈಲೆಂಟ್ ಹಿಲ್ 2 ರಿಮೇಕ್‌ನಲ್ಲೂ ಇದೆ.

ಕಬ್ಬಿನ ತೋಟ (ಮುಧೋಳ)

ನಾನು ಗೇಮ್ ಜಾಸ್ತಿ ಆಡಿದವನಲ್ಲ. ತಮ್ಮ ಓದಲಿಕ್ಕೆ ಅಂತ ತಂದ ಲ್ಯಾಪ್‌ಟಾಪಿನಲ್ಲಿ ಔಟ್‌ಲಾಸ್ಟ್ ಹಾಕಿಕೊಟ್ಟ. ಆಯುಧ ಇಲ್ಲ, ಬರೀ ಒಂದು ವಿಡಿಯೋ ಕ್ಯಾಮೆರಾ. ಕತ್ತಲಲ್ಲಿ ನೋಡಬೇಕಾದರೆ ನೈಟ್ ವಿಷನ್ ಹಾಕಬೇಕು, ಎಲ್ಲ ಹಸಿರು ಹಸಿರು ಕಾಣುತ್ತದೆ, ಬ್ಯಾಟರಿ ಸೆಲ್ ಬೇಗ ಬೇಗ ಇಳಿಯುತ್ತದೆ. ಅದರ ಎರಡನೇ ಭಾಗದಲ್ಲಿ ಗೋವಿನಜೋಳದ ಹೊಲದೊಳಗೆ ಅವಿತು ಹೋಗಬೇಕು, ಹುಡುಕುವವರು ಬೆಳಕು ಹಿಡಿದು ಓಡಾಡುತ್ತಿರುತ್ತಾರೆ.

ಅದು ನನಗೆ ಹೆದರಿಕೆ ಹುಟ್ಟಿಸಬಾರದಿತ್ತು, ಯಾಕಂದರೆ ನಮಗೆ ತ್ರೀ ಫೇಸ್ ಕರೆಂಟ್ ಕೊಡುವುದೇ ಎಷ್ಟೋ ಸಲ ರಾತ್ರಿ. ಬ್ಯಾಟರಿ ಹಿಡಿದು ಕಬ್ಬಿನೊಳಗೆ ಹೋಗಿ ಮೋಟರ್ ಚಾಲೂ ಮಾಡಿ ಬರುವುದು ರೂಢಿ. ಎರಡು ಸಾಲಿನ ಆಚೆ ಏನೂ ಕಾಣುವುದಿಲ್ಲ. ಗರಿ ಸರಸರ ಅಂದರೆ ಗಾಳಿಯೋ ಹಂದಿಯೋ ತಿಳಿಯುವುದಿಲ್ಲ. ಅಲ್ಲಿ ನನಗೆ ಅಂಜಿಕೆ ಬರುವುದಿಲ್ಲ, ಹುಷಾರಿ ಇರುತ್ತದೆ ಅಷ್ಟೇ. ಕೋಲು ಬಡಿಯುತ್ತಾ, ಕೆಮ್ಮುತ್ತಾ, ಸಪ್ಪಳ ಮಾಡುತ್ತಾ ಹೋಗುತ್ತೇವೆ. ಹಾವು, ಹಂದಿ ತಾವೇ ದೂರ ಸರಿಯಲಿ ಅಂತ. ಗೇಮಿನಲ್ಲಿ ಅದು ಉಲ್ಟಾ, ಸಪ್ಪಳ ಮಾಡಿದರೆ ಸತ್ತೆ. ನಮ್ಮ ಧೈರ್ಯಕ್ಕೆ ಇದ್ದ ಒಂದು ಉಪಾಯವನ್ನೇ ಕಸಿದುಕೊಂಡು ಬಿಡುತ್ತಾರೆ. ಅದಕ್ಕೇ ಹೆದರಿಸಿತು ಅಂತ ನನ್ನ ಲೆಕ್ಕ.

ಗುಮ್ಮಟ ಗ್ಯಾಲರಿ (ವಿಜಯಪುರ)

ಈ ಚರ್ಚೆಯಲ್ಲಿ ಇಲ್ಲಿಯವರೆಗೆ ಬಂದ ಅತ್ಯುತ್ತಮ ಮಾತು ಇದು ಅಣ್ಣಾ. ಗೇಮ್ ಜಾಸ್ತಿ ಆಡಿಲ್ಲ ಅಂತ ಬೇರೆ ಹೇಳುತ್ತೀರಿ.

ಇನ್ವರ್ಟರ್ ಇಲ್ಲ (ಜಮಖಂಡಿ)

ಐದು ರಾತ್ರಿಗಳ ಗೇಮ್ ಯಾರೂ ಹೇಳಲಿಲ್ಲವಲ್ಲ, ಫೈವ್ ನೈಟ್ಸ್ ಅಟ್ ಫ್ರೆಡ್ಡೀಸ್? 2014ರಲ್ಲಿ ಒಬ್ಬನೇ ಮನುಷ್ಯ, ಸ್ಕಾಟ್ ಕಾಥನ್, ಮಾಡಿದ್ದು. ರಾತ್ರಿ ಕಾವಲುಗಾರನ ಕೆಲಸ, ಕೊಲ್ಲಲು ಬರುವ ಯಂತ್ರದ ಗೊಂಬೆಗಳಿಂದ ಬೆಳಗಿನವರೆಗೆ ಉಳಿಯಬೇಕು. ಕುರ್ಚಿಯಿಂದ ಏಳುವಂತಿಲ್ಲ. ಕ್ಯಾಮೆರಾ ನೋಡಿದರೆ ಕರೆಂಟ್ ಖರ್ಚು, ಬಾಗಿಲು ಹಾಕಿದರೆ ಖರ್ಚು, ಲೈಟ್ ಹಚ್ಚಿದರೆ ಖರ್ಚು. ಮೂಲೆಯಲ್ಲಿ ಶೇಕಡಾ ಲೆಕ್ಕ ಇಳಿಯುತ್ತಾ ಬರುತ್ತದೆ. ಜಂಪ್ ಸ್ಕೇರ್ ಗೇಮ್ ಅಂತ ಬೈಯುತ್ತಾರೆ, ಆದರೆ ಆ ಕಿರುಚಾಟ ಬರೀ ದಂಡ. ಭಯ ಇರುವುದು ಬೆಳಗಿನ ಆರು ಗಂಟೆಗೆ ಮೊದಲು ಕರೆಂಟ್ ಖಾಲಿಯಾಗಿಬಿಟ್ಟರೆ ಅನ್ನುವುದರಲ್ಲಿ. ನನ್ನ ಹೆಸರು ನೋಡಿ, ಅರ್ಥವಾಗುತ್ತದೆ.

ಕೋಡು ಮೂಡಿದವಳು (ಬೆಳಗಾವಿ)

ಸಾಫ್ಟ್‌ವೇರ್ ಕೆಲಸ ಮಾಡುವವಳು, ಆದ್ದರಿಂದ ದೆವ್ವದ ತಲೆಯೊಳಗೆ ಏನಿದೆ ಅನ್ನುವುದೇ ನನಗೆ ಕುತೂಹಲ. ಆ ಲೆಕ್ಕದಲ್ಲಿ 2014ರ ಏಲಿಯನ್: ಐಸೊಲೇಷನ್‌ಗೆ ಸಮ ಇಲ್ಲ. ಇಂಗ್ಲೆಂಡಿನ ಕ್ರಿಯೇಟಿವ್ ಅಸೆಂಬ್ಲಿಯವರದು.

ಅದರಲ್ಲಿ ನಮ್ಮನ್ನು ಬೇಟೆಯಾಡುವ ಅನ್ಯಗ್ರಹದ ಪ್ರಾಣಿಯನ್ನು ನಡೆಸುವುದು ಎರಡು ಮಿದುಳು. ಮೇಲೊಂದು ನಿರ್ದೇಶಕನ ಮಿದುಳು. ಅದಕ್ಕೆ ನೀವು ಎಲ್ಲಿದ್ದೀರಿ ಅಂತ ಯಾವಾಗಲೂ ಗೊತ್ತು. ಕೆಳಗಿನದು ಪ್ರಾಣಿಯ ಸ್ವಂತ ಮಿದುಳು. ಅದಕ್ಕೆ ಕಣ್ಣಿಗೆ ಕಂಡದ್ದು, ಕಿವಿಗೆ ಕೇಳಿದ್ದು ಬಿಟ್ಟರೆ ಏನೂ ಗೊತ್ತಿಲ್ಲ. ನಿರ್ದೇಶಕ ಪೂರ್ತಿ ಗುಟ್ಟು ಬಿಟ್ಟುಕೊಡುವುದಿಲ್ಲ, "ಆ ಕಡೆ ಹುಡುಕು" ಅಂತ ಸುಮಾರಾಗಿ ಸುಳಿವು ಕೊಡುತ್ತಾನೆ. ಪ್ರಾಣಿ ನಿಮ್ಮ ಸುತ್ತಮುತ್ತ ಬಂದು ನಿಜವಾಗಿಯೇ ಹುಡುಕುತ್ತದೆ. ತುಂಬಾ ಹೊತ್ತು ನಿಮ್ಮನ್ನು ಕಾಡಿದೆ ಅನಿಸಿದರೆ ನಿರ್ದೇಶಕನೇ ಅದನ್ನು ಮೇಲಿನ ಗಾಳಿ ಕೊಳವೆಯೊಳಗೆ ಕರೆಸಿಕೊಳ್ಳುತ್ತಾನೆ. ನಿಮಗೆ ಉಸಿರಾಡಲು ಸ್ವಲ್ಪ ಬಿಡುವು. ಆ ಬಿಡುವಿನಲ್ಲೂ ತಲೆಮೇಲೆ ಧಡಧಡ ಓಡಾಡುವುದು ಕೇಳುತ್ತಿರುತ್ತದೆ. ಹೀಗಾಗಿ ಯಾವ ದಾರಿಯಲ್ಲಿ ಬರುತ್ತದೆ ಅಂತ ಬಾಯಿಪಾಠ ಮಾಡಲು ಆಗುವುದಿಲ್ಲ. ಬೇರೆ ಗೇಮ್‌ಗಳಲ್ಲಿ ಕಾವಲುಗಾರ ಬಾಗಿಲಿನಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ಗಡಿಯಾರದ ಮುಳ್ಳು ನೋಡಿಕೊಂಡು ತಿರುಗುತ್ತಾನಲ್ಲ, ಆ ಸಮಾಧಾನ ಇಲ್ಲಿಲ್ಲ.

ಒಂದು ದೃಶ್ಯ ಹೇಳುತ್ತೇನೆ. ಕಬ್ಬಿಣದ ಕಪಾಟಿನೊಳಗೆ ಅವಿತಿದ್ದೀರಿ. ಸಣ್ಣ ಸೀಳುಗಳಲ್ಲಿ ಹೊರಗೆ ಕಾಣುತ್ತದೆ. ಅದು ಬಂದು ಸೀಳಿಗೇ ಮುಖ ಹಚ್ಚಿ ಮೂಸುತ್ತದೆ. ಆಗ ಹಿಂದಕ್ಕೆ ವಾಲಿ ಉಸಿರು ಬಿಗಿ ಹಿಡಿಯಲು ಬಟನ್ ಒತ್ತಿ ಹಿಡಿಯಬೇಕು. ಒತ್ತಿ ಹಿಡಿದಷ್ಟು ಹೊತ್ತು ಜೀವದ ಪಟ್ಟಿ ಇಳಿಯುತ್ತದೆ. ಬಿಟ್ಟರೆ ಕೇಳಿಸಿಕೊಳ್ಳುತ್ತದೆ. ಕುರ್ಚಿಯಲ್ಲಿ ಕೂತ ನಾನೂ ಉಸಿರು ಹಿಡಿದಿರುತ್ತೇನೆ, ಯಾರೂ ಹೇಳಿಲ್ಲದಿದ್ದರೂ. ಅದೂ ಸಾಲದು ಅಂತ ಪ್ಲೇಸ್ಟೇಷನ್ 4, ಎಕ್ಸ್‌ಬಾಕ್ಸ್ ಒನ್‌ನಲ್ಲಿ ಕ್ಯಾಮೆರಾದ ಮೈಕ್ ಚಾಲೂ ಇಟ್ಟರೆ ನಿಮ್ಮ ಕೋಣೆಯ ಸಪ್ಪಳವೂ ಅದಕ್ಕೆ ಕೇಳಿಸುತ್ತದೆ. ಅಡುಗೆಮನೆಯಿಂದ ಅವ್ವ "ಊಟಕ್ಕೆ ಬಾ" ಅಂದರೆ ನೀವು ಸತ್ತಿರಿ.

ಒಂದೇ ದೂರು. ಸೇವ್ ಮಾಡಲು ಗೋಡೆಯ ಮಷೀನ್ ಹುಡುಕಿ, ಕಾರ್ಡ್ ಹಾಕಿ, ಕೆಲವು ಸೆಕೆಂಡ್ ಮೈಮರೆತು ನಿಲ್ಲಬೇಕು. ಆ ಸೆಕೆಂಡುಗಳಲ್ಲಿ ಬೆನ್ನಿಗೆ ಬಾಲ ಚುಚ್ಚಿದರೆ ಅರ್ಧ ಗಂಟೆಯ ಆಟ ಹೋಯಿತು. ಮೊದಲ ಸಲ ಭಯ. ಅದೇ ಜಾಗದಲ್ಲಿ ಮತ್ತೆ ಮತ್ತೆ ಆದರೆ ಭಯ ಹೋಗಿ ಸಿಟ್ಟು ಬರುತ್ತದೆ. ಸಿಟ್ಟು ಬಂದ ಆಟಗಾರನನ್ನು ಯಾವ ದೆವ್ವವೂ ಹೆದರಿಸಲಾರದು. ಸಾವು ಹಾರರ್ ಗೇಮಿಗೆ ಬೇಕು, ಆದರೆ ಪದೇ ಪದೇ ಆಗಬಾರದು. ಫ್ರಿಕ್ಷನಲ್‌ನವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಅವರದೇ 2015ರ ಸೋಮಾ ಗೇಮಿಗೆ 2017ರಲ್ಲಿ ಒಂದು ಸೇಫ್ ಮೋಡ್ ಕೊಟ್ಟರು, ಅದರಲ್ಲಿ ದೆವ್ವಗಳು ನಿಮ್ಮನ್ನು ಕೊಲ್ಲುವುದಿಲ್ಲ. ಆಶ್ಚರ್ಯ ಅಂದರೆ ಗೇಮಿನ ಭಯ ಅದರಿಂದ ಏನೂ ಕಡಿಮೆ ಆಗಲಿಲ್ಲ. ಯಾಕಂದರೆ ಸೋಮಾದ ಭಯ ದೆವ್ವದ್ದಲ್ಲ. ಒಬ್ಬ ಮನುಷ್ಯನ ಮನಸ್ಸನ್ನು ಯಂತ್ರಕ್ಕೆ ನಕಲು ಮಾಡಿದರೆ, ಎದ್ದು ಕೂತವನು ಅವನೇನಾ, ಹಿಂದೆ ಉಳಿದವನು ಏನಾದ? ಕೊನೆ ಹೇಳುವುದಿಲ್ಲ, ಆಡಿ ನೋಡಿ. ಆಡಿ ಮುಗಿಸಿದ ಮೇಲೆ ಊಟ ಸೇರದಿದ್ದರೆ ನನ್ನನ್ನು ಬೈಯಬೇಡಿ.

ಹಾಸ್ಟೆಲ್ ಹುಡುಗ (ಬೆಳಗಾವಿ)

ಅಯ್ಯೋ, ಎಲ್ಲರೂ ಒಬ್ಬೊಬ್ಬರೇ ಆಡುತ್ತೀರಾ? ನಾವು ನಾಲ್ಕು ಮಂದಿ ಲೀಥಲ್ ಕಂಪನಿ ಆಡುತ್ತೇವೆ. 2023ರದ್ದು. ಹತ್ತಿರ ಇದ್ದವರ ಮಾತು ಮಾತ್ರ ಕೇಳುತ್ತದೆ, ದೂರ ಹೋದರೆ ಧ್ವನಿಯೂ ಸಣ್ಣದಾಗುತ್ತದೆ. ಗೆಳೆಯ ಪಕ್ಕದ ಕೋಣೆಯಿಂದ "ಲೇ, ಇಲ್ಲಿ ಏನೋ ಐತಿ, ಬಾ ಇಲ್ಲಿ" ಅನ್ನುತ್ತಿರುತ್ತಾನೆ. "ಬಾ ಇ" ಅಂತ ಅರ್ಧಕ್ಕೆ ನಿಲ್ಲುತ್ತದೆ. ಅಷ್ಟೇ. ಕಿರುಚಾಟ ಇಲ್ಲ, ಮ್ಯೂಸಿಕ್ ಇಲ್ಲ. ನಾಯಿಯಂಥ ಒಂದು ಪ್ರಾಣಿ ಇದೆ, ಕಣ್ಣಿಲ್ಲ, ನಾವು ಮೈಕಿನಲ್ಲಿ ಮಾತಾಡಿದ್ದು ಕೇಳಿ ಬರುತ್ತದೆ. ನಾಲ್ಕು ಜನ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಕೂತಿರುತ್ತೇವೆ, ಆಮೇಲೆ ಯಾರೋ ಒಬ್ಬನಿಗೆ ನಗು ತಡೆಯಲಾಗುವುದಿಲ್ಲ, ಎಲ್ಲರೂ ಸಾಯುತ್ತೇವೆ.

ರಾತ್ರಿಪಾಳಿ (ಬೆಳಗಾವಿ)

ನಗು ಬಂದರೆ ಅದು ಹಾರರ್ ಅಲ್ಲ.

ಹಾಸ್ಟೆಲ್ ಹುಡುಗ (ಬೆಳಗಾವಿ)

ಅಣ್ಣಾ, ನಗುವುದೇ ಭಯಕ್ಕೆ. ಸಂತೋಷಕ್ಕೆ ಯಾರು ನಗುತ್ತಾರೆ ಪರೀಕ್ಷೆ ಹಿಂದಿನ ದಿನ?

ಮಗಳ ತಾಯಿ (ವಿಜಯಪುರ)

ನಮಸ್ಕಾರ. ನನ್ನ ಮಗಳು ನಾಲ್ಕನೇ ಕ್ಲಾಸು. ಗ್ರಾನಿ, ಫ್ರೆಡ್ಡಿ ಅಂತ ಯೂಟ್ಯೂಬಿನಲ್ಲಿ ಬೇರೆಯವರು ಆಡುವುದನ್ನು ನೋಡುತ್ತಾಳೆ. ರಾತ್ರಿ ಒಬ್ಬಳೇ ಬಚ್ಚಲಿಗೆ ಹೋಗುವುದಿಲ್ಲ. ಬಿಡಿಸುವುದು ಹೇಗೆ? ನಿಮಗೆಲ್ಲ ಇದು ಗೊತ್ತಿದೆ ಅಂತ ಕೇಳಿದೆ.

ಸೆಕ್ಟರ್ ಸಂಜೆ (ನವನಗರ, ಬಾಗಲಕೋಟೆ)

ಅಕ್ಕಾವ್ರೇ, ಪ್ಲೇ ಸ್ಟೋರ್‌ನಲ್ಲಿ ಪ್ರತಿ ಗೇಮಿನ ಹೆಸರಿನ ಹತ್ತಿರ ವಯಸ್ಸಿನ ಗುರುತು ಇರುತ್ತದೆ, ಮೊದಲು ಅದನ್ನು ನೋಡಿ. ಸೆಟ್ಟಿಂಗ್‌ನಲ್ಲಿ ಪೇರೆಂಟಲ್ ಕಂಟ್ರೋಲ್ ಹಾಕಿದರೆ ದೊಡ್ಡವರ ಗೇಮ್ ಇಳಿಸಿಕೊಳ್ಳಲು ಆಗುವುದಿಲ್ಲ. ಯೂಟ್ಯೂಬ್ ಬದಲು ಯೂಟ್ಯೂಬ್ ಕಿಡ್ಸ್ ಹಾಕಿಕೊಡಿ. ಬೈದು ಬಿಡಿಸಿದರೆ ಗೆಳತಿಯ ಫೋನಿನಲ್ಲಿ ನೋಡುತ್ತಾಳೆ. ಒಂದು ಸಲ ಹಗಲಲ್ಲಿ ಜೊತೆಗೆ ಕೂತು ಸೌಂಡ್ ತೆಗೆದು ನೋಡಿ. ಗುಮ್ಮಟದವರು ಹೇಳಿದರಲ್ಲ, ಅರ್ಧ ಭೂತ ಅಲ್ಲೇ ಇಳಿಯುತ್ತದೆ.

ಈಗ ನನ್ನ ಗೇಮ್. ಪಿ.ಟಿ. 2014ರ ಆಗಸ್ಟ್‌ನಲ್ಲಿ ಪ್ಲೇಸ್ಟೇಷನ್ 4ಕ್ಕೆ ಪುಕ್ಕಟೆ ಬಿಟ್ಟರು. ಗೇಮ್ ನಿರ್ದೇಶಕ ಹಿಡಿಯೋ ಕೊಜಿಮಾ ಮತ್ತು ಸಿನಿಮಾ ನಿರ್ದೇಶಕ ಗಿಯೆರ್ಮೊ ಡೆಲ್ ಟೋರೊ ಸೇರಿ ಮಾಡಬೇಕಿದ್ದ ಹೊಸ ಸೈಲೆಂಟ್ ಹಿಲ್‌ಗೆ ಇದು ಮುನ್ನೋಟ. ಮರುವರ್ಷ ದೊಡ್ಡ ಗೇಮೂ ರದ್ದಾಯಿತು, ಇದನ್ನೂ ಅಂಗಡಿಯಿಂದ ತೆಗೆದರು. ನನಗೆ ಸಿಕ್ಕಿದ್ದು ಮೊದಲೇ ಇಳಿಸಿಕೊಂಡಿದ್ದ ಅಣ್ಣನ ಮಷೀನಿನಲ್ಲಿ.

ಏನಿದೆ ಅದರಲ್ಲಿ? ಒಂದು ಮನೆಯ ಓಣಿಯಂಥ ಪಡಸಾಲೆ. ಮುಂದೆ ಹೋಗಿ ಬಲಕ್ಕೆ ತಿರುಗಿದರೆ ಕೊನೆಗೊಂದು ಬಾಗಿಲು. ಬಾಗಿಲು ದಾಟಿದರೆ ಮತ್ತೆ ಅದೇ ಪಡಸಾಲೆ. ಮತ್ತೆ ಅದೇ. ಫೋಟೋ, ಗಡಿಯಾರ, ಫೋನು, ಎಲ್ಲ ಅಲ್ಲೇ. ಸುತ್ತಿದಂತೆ ಒಂದೊಂದೇ ಬದಲಾಗುತ್ತದೆ. ದೀಪ ತೂಗಾಡುತ್ತದೆ. ಮುಚ್ಚಿದ್ದ ಬಚ್ಚಲ ಬಾಗಿಲು ಒಂದು ಬೆರಳಷ್ಟು ತೆರೆದಿರುತ್ತದೆ. ಓಡಲು ಬಟನ್ ಇಲ್ಲ. ನಡೆಯುವುದು, ನೋಡುವುದು, ಅಷ್ಟೇ. ಹೊಸ ಜಾಗ ಹೆದರಿಸುವುದು ದೊಡ್ಡದಲ್ಲ. ಪರಿಚಯದ ಜಾಗ ಸ್ವಲ್ಪ ಬೇರೆ ಥರ ಆದರೆ ತಡೆಯಲಾಗುವುದಿಲ್ಲ. 2019ರಲ್ಲಿ ಒಬ್ಬರು ಕೋಡ್ ತೆಗೆದು ಕ್ಯಾಮೆರಾ ಹಿಂದಕ್ಕೆ ತಿರುಗಿಸಿ ನೋಡಿದರು. ಬ್ಯಾಟರಿ ಕೈಗೆ ಬಂದ ಮೇಲೆ ಲೀಸಾ ಅನ್ನುವ ಆ ದೆವ್ವ ಆಟಗಾರನ ಬೆನ್ನಿಗೆ ಅಂಟಿಕೊಂಡೇ ನಡೆಯುತ್ತಿರುತ್ತದೆ! ಆಡಿದವರೆಲ್ಲ ಹಿಂದೆ ಯಾರೋ ಇದ್ದಂತೆ ಅನಿಸಿತು ಅಂತ ವರ್ಷಗಟ್ಟಲೆ ಹೇಳಿದ್ದರು. ಸುಳ್ಳಾಗಿರಲಿಲ್ಲ.

ನಮ್ಮ ಊರಿನ ವಿಷಯ ಒಂದು. ಆಲಮಟ್ಟಿ ಹಿನ್ನೀರು ಬಂದ ಮೇಲೆ ಹಳೇ ಬಾಗಲಕೋಟೆಯ ಎಷ್ಟೋ ಮನೆ ಬಿಟ್ಟು ಮಂದಿ ನವನಗರಕ್ಕೆ ಬಂದರು. ಅಜ್ಜಿಯ ಮನೆಯೂ ಹಾಗೇ ಹೋಯಿತು. ಬಾಗಿಲು ಚೌಕಟ್ಟು, ತೊಲೆ ಬಿಚ್ಚಿಕೊಂಡು ಬಂದು ಇಲ್ಲಿ ಹೊಸ ಮನೆಗೆ ಹಾಕಿದ್ದಾರೆ. ಅಂದರೆ ನಾನು ದಿನಾ ದಾಟುವ ಬಾಗಿಲು ಇನ್ನೊಂದು ಮನೆಯದು. ಪಿ.ಟಿ. ಆಡಿದ ವಾರ ಆ ಬಾಗಿಲು ದಾಟುವಾಗ ಆಚೆ ಕಡೆ ಯಾವ ಮನೆ ಇದೆಯೋ ಅಂತ ಒಂದು ಕ್ಷಣ ಅನಿಸುತ್ತಿತ್ತು.

ತೈವಾನಿನವರು ಇದನ್ನು ಸರಿಯಾಗಿ ಹಿಡಿದಿದ್ದಾರೆ. ರೆಡ್ ಕ್ಯಾಂಡಲ್ ಗೇಮ್ಸ್‌ನ ಡಿವೋಷನ್, 2019. ಎಂಬತ್ತರ ದಶಕದ ಒಂದು ಸಾಮಾನ್ಯ ಮನೆ. ಅವರ ದೇವರು, ಅವರ ಹರಕೆ, ಅವರ ಟಿವಿ ಕಾರ್ಯಕ್ರಮ. ಕಾಯಿಲೆ ಮಗಳಿಗಾಗಿ ಅಪ್ಪ ಹೊತ್ತ ಹರಕೆಯೇ ಕಥೆ. ನಮಗೆ ಅರ್ಥವಾಗದ ಭಾಷೆ, ಆದರೂ ಆ ಅಪ್ಪನನ್ನು ನಾವು ನೋಡಿದ್ದೇವೆ ಅನಿಸುತ್ತದೆ. ನಮ್ಮಲ್ಲಿ ಯಾರೂ ಯಾಕೆ ಇಂಥದ್ದು ಮಾಡಬಾರದು? ಬರೀ ಬೇತಾಳ, ಮೋಹಿನಿ ತಂದು ಕೂರಿಸಿದರೆ ಆಗುವುದಿಲ್ಲ. ಅರ್ಧ ನೀರಲ್ಲಿರುವ ಓಣಿ, ಬಾಗಿಲಿಲ್ಲದ ಚೌಕಟ್ಟು, ದೇವರ ಕೋಣೆಯ ಗೋಡೆಯಲ್ಲಿ ಉಳಿದ ಎಣ್ಣೆ ಕಲೆ. ಇಷ್ಟು ಸಾಕು.

ಖಡೇಬಜಾರ್ ಕಂಟ್ರೋಲರ್ (ಬೆಳಗಾವಿ)

ಖಾಲಿ ಜಾಗದ ಮಾತು ಬಂತು ಅಂತ ಒಂದು ಸೇರಿಸುತ್ತೇನೆ. 2004ರ ಥೀಫ್: ಡೆಡ್ಲಿ ಶಾಡೋಸ್. ಇಡೀ ಗೇಮ್ ಕಳ್ಳತನದ್ದು, ಹಾರರ್ ಅಲ್ಲ. ಆದರೆ ಶೇಲ್‌ಬ್ರಿಡ್ಜ್ ಕ್ರೇಡಲ್ ಅಂತ ಒಂದು ಹಂತ ಬರುತ್ತದೆ. ಮೊದಲು ಅನಾಥಾಲಯ, ಆಮೇಲೆ ಹುಚ್ಚಾಸ್ಪತ್ರೆ ಆಗಿದ್ದ ಕಟ್ಟಡ. ಅದರ ಮೊದಲರ್ಧದಲ್ಲಿ ವೈರಿಗಳೇ ಇಲ್ಲ. ಒಬ್ಬನೂ ಇಲ್ಲ. ಎಲ್ಲೋ ಬಡಿಯುವ ಸದ್ದು, ಅಷ್ಟೇ. ಆಟಗಾರ ಮಾತ್ರ ಪ್ರತಿ ಮೂಲೆಯಲ್ಲೂ ಅವಿತು ಅವಿತು ಹೋಗುತ್ತಾನೆ. ಯಾರೂ ಇಲ್ಲದ ಕಡೆ ನಮ್ಮನ್ನು ನಾವೇ ಹೆದರಿಸಿಕೊಳ್ಳುವ ಹಾಗೆ ಮಾಡಿಬಿಟ್ಟರು. ಮತ್ತೆ ರಾತ್ರಿಪಾಳಿಯವರೇ, ಆ ಗೇಮಿನಲ್ಲಿ ಬಿಲ್ಲು ಬಾಣ ನಮ್ಮ ಬೆನ್ನ ಮೇಲೇ ಇರುತ್ತದೆ!

ರಾತ್ರಿಪಾಳಿ (ಬೆಳಗಾವಿ)

ಇದ್ದರೂ ಯಾರಿಗೆ ಹೊಡೆಯುತ್ತೀರಿ? ನನ್ನ ಮಾತನ್ನೇ ಹೇಳುತ್ತಿದ್ದೀರಿ.

ಫ್ರಿಕ್ಷನಲ್‌ನವರೇ 2023ರಲ್ಲಿ ಆಮ್ನೀಸಿಯಾ: ದಿ ಬಂಕರ್‌ನಲ್ಲಿ ರಿವಾಲ್ವರ್ ಕೊಟ್ಟಿದ್ದಾರೆ ಅಂತ ಯಾರಾದರೂ ತೆಗೆಯುವ ಮೊದಲು ನಾನೇ ಹೇಳಿಬಿಡುತ್ತೇನೆ. ಕೊಟ್ಟಿದ್ದಾರೆ, ಆದರೆ ಗುಂಡು ಬೆರಳೆಣಿಕೆ. ಹೊಡೆದರೆ ಆ ಪ್ರಾಣಿ ಓಡಿ ಹೋಗುತ್ತದೆ, ಸಾಯುವುದಿಲ್ಲ, ಸದ್ದಿಗೆ ಮತ್ತೆ ಬರುತ್ತದೆ. ಜನರೇಟರಿಗೆ ಎಣ್ಣೆ ಹುಡುಕಿ ಹಾಕಬೇಕು. ಕೈಯಲ್ಲಿರುವ ಬ್ಯಾಟರಿ ಹಗ್ಗ ಎಳೆದು ಚಾರ್ಜ್ ಮಾಡುವಂಥದ್ದು. ಎಳೆದರೆ ಗರ್ ಗರ್ ಅನ್ನುತ್ತದೆ. ಬೆಳಕು ಬೇಕೋ, ಸದ್ದಿಲ್ಲದೆ ಇರಬೇಕೋ, ಆರಿಸಿಕೋ. ಅಂಥ ಬಂದೂಕಿನ ಬಗ್ಗೆ ನನ್ನ ತಕರಾರಿಲ್ಲ.

ನಾಲ್ಕು ಜಿಬಿ (ತೇರದಾಳ)

ಎಲ್ಲ ಓದಿದೆ, ಬಾಯಲ್ಲಿ ನೀರು ಬಂತು. ನನ್ನ ಹತ್ತಿರ ಇರುವುದು ಕಾಲೇಜಿನ ಹಳೇ ಲ್ಯಾಪ್‌ಟಾಪ್, ಗ್ರಾಫಿಕ್ಸ್ ಕಾರ್ಡ್ ಇಲ್ಲ. ನನಗೆ ಏನಾದರೂ ಇದೆಯಾ?

ಕೋಡು ಮೂಡಿದವಳು (ಬೆಳಗಾವಿ)

ಇದೆ ತಮ್ಮಾ, ಒಳ್ಳೊಳ್ಳೆಯವೇ ಇವೆ. ಮೊದಲು ಫೇತ್: ದಿ ಅನ್‌ಹೋಲಿ ಟ್ರಿನಿಟಿ, 2022. ಹಳೇ ಟಿವಿ ವಿಡಿಯೋ ಗೇಮಿನ ಥರ ದಪ್ಪ ದಪ್ಪ ಚುಕ್ಕಿಗಳ ಚಿತ್ರ. ಆಡುವ ಪಾತ್ರ ಒಬ್ಬ ಪಾದ್ರಿ, ಅವನೂ ನಾಲ್ಕು ಗೆರೆ, ದೆವ್ವವೂ ನಾಲ್ಕು ಗೆರೆ. ಮಾತು ಹಳೇ ಕಂಪ್ಯೂಟರಿನ ಗೊಗ್ಗರು ಧ್ವನಿ. ನೋಡಿ ನಗುತ್ತೀಯ. ಆಮೇಲೆ ಆ ನಾಲ್ಕು ಗೆರೆಯ ದೆವ್ವ ಇದ್ದಕ್ಕಿದ್ದಂತೆ ನಿಜವಾದ ಮನುಷ್ಯನ ಹಾಗೆ ಕೈಕಾಲು ಆಡಿಸುತ್ತಾ ಓಡಿ ಬರುತ್ತದೆ. ಗ್ರಾಫಿಕ್ಸ್ ಬೇಕು ಅನ್ನುವವರ ಬಾಯಿ ಮುಚ್ಚಿಸುವ ಗೇಮ್.

ಇನ್ನೊಂದು ಐರನ್ ಲಂಗ್, ಅದೂ 2022ರದ್ದೇ. ರಕ್ತದ ಸಮುದ್ರದೊಳಗೆ ತುಕ್ಕು ಹಿಡಿದ ಜಲಾಂತರ್ಗಾಮಿ. ಕಿಟಕಿ ಮುಚ್ಚಿ ಬೆಸುಗೆ ಹಾಕಿದ್ದಾರೆ. ನಕ್ಷೆ ಮತ್ತು ಅಂಕಿ ನೋಡಿ ನಡೆಸಬೇಕು. ಹೊರಗೆ ಏನಿದೆ ಅಂತ ತಿಳಿಯಲು ಒಂದು ಬಟನ್ ಒತ್ತಿದರೆ ಕಪ್ಪುಬಿಳುಪು ಫೋಟೋ ಬರುತ್ತದೆ. ಅದು ಬಿಟ್ಟರೆ ಇಡೀ ಗೇಮ್ ಒಂದೇ ಕೋಣೆ. ಚಿಕ್ಕ ಗೇಮ್, ಒಂದು ಸಂಜೆಯಲ್ಲಿ ಮುಗಿಯುತ್ತದೆ. ಹಬ್ಬದ ಸೇಲ್‌ಗೆ ಕಾಯಿ, ಇನ್ನೂ ಅಗ್ಗಕ್ಕೆ ಸಿಗುತ್ತದೆ.

ಪುಕ್ಕಟೆ ಬೇಕಾದರೆ 2012ರ ಸ್ಲೆಂಡರ್. ಕಾಡಿನಲ್ಲಿ ಎಂಟು ಹಾಳೆ ಹುಡುಕುವುದು. ಹಳೇದಾಯಿತು, ಆದರೂ ಮೂರನೇ ಹಾಳೆ ಆದ ಮೇಲೆ ನೋಡು.

ಗುಮ್ಮಟ ಗ್ಯಾಲರಿ (ವಿಜಯಪುರ)

ಐರನ್ ಲಂಗ್‌ಗೆ ನನ್ನದೂ ಓಟು. ಹೆಡ್‌ಫೋನ್ ಹಾಕಿಯೇ ಆಡು ತಮ್ಮಾ. ಲ್ಯಾಪ್‌ಟಾಪಿನ ಸ್ಪೀಕರಿನಲ್ಲಿ ಆಡಿದರೆ ದುಡ್ಡು ದಂಡ.

ಸೆಕ್ಟರ್ ಸಂಜೆ (ನವನಗರ, ಬಾಗಲಕೋಟೆ)

ಕೋಡು ಮೂಡಿದವರೇ, ಒಂದು ಕೇಳಲಾ? ಸುಮ್ಮನೆ ಬರೆದದ್ದು ತಲೆಯಲ್ಲಿ ಕೂತುಬಿಟ್ಟಿದೆ. ಅಜ್ಜಿ ಮನೆಯ ನಕ್ಷೆ ಅಪ್ಪನಿಗೆ ಬಾಯಿಪಾಠ, ಪಡಸಾಲೆ, ನಡುಮನೆ, ದೇವರ ಕೋಣೆ, ಹಿತ್ತಲು. ನಾನು ಚಿತ್ರ ಬರೆಯಬಲ್ಲೆ, ಕೋಡ್ ಬರುವುದಿಲ್ಲ. ಬರೀ ನಡೆದಾಡುವ ಒಂದು ಸಣ್ಣ ಗೇಮ್ ಮಾಡಲು ಎಷ್ಟು ಕಷ್ಟ?

ಕೋಡು ಮೂಡಿದವಳು (ಬೆಳಗಾವಿ)

ಗೊಡೋ ಅಂತ ಗೇಮ್ ಕಟ್ಟುವ ಪುಕ್ಕಟೆ ಎಂಜಿನ್ ಇದೆ. ನಡೆಯುವುದು, ಬಾಗಿಲು ತೆಗೆಯುವುದು, ದೀಪ ಆರಿಸುವುದು, ಇಷ್ಟು ನನ್ನ ಕೈಯಲ್ಲಿ ಆಗುತ್ತದೆ. ದೆವ್ವ ಬೇಡ, ಅದಕ್ಕೆ ಅನಿಮೇಷನ್ ಕೆಲಸ ಜಾಸ್ತಿ. ಮೊದಲು ಪಡಸಾಲೆ ಒಂದನ್ನೇ ಬರೆದು ಕಳಿಸಿ. ಸೌಂಡ್ ಯಾರು ಕೊಡುತ್ತಾರೆ ಅನ್ನುವುದೇ ಪ್ರಶ್ನೆ, ಇಂಟರ್ನೆಟ್ಟಿನ ಇಂಗ್ಲಿಷ್ ಬಾಗಿಲಿನ ಕಿರ್‌ಗುಟ್ಟುವಿಕೆ ಹಾಕಿದರೆ ಕೆಟ್ಟುಹೋಗುತ್ತದೆ.

ಕಬ್ಬಿನ ತೋಟ (ಮುಧೋಳ)

ಹಳೇ ಬಾಗಿಲು, ಅಗಳಿ, ಚಿಲಕ ನಮ್ಮ ಮನೆಯಲ್ಲಿವೆ. ಬೀಸುಕಲ್ಲೂ ಇದೆ. ರಾತ್ರಿ ಕಬ್ಬಿನ ಗರಿ ಸದ್ದು ಬೇಕಾದರೆ ಮೋಟರ್ ಹಚ್ಚಲು ಹೋದಾಗ ಫೋನಿನಲ್ಲಿ ಹಿಡಿದು ಕಳಿಸುತ್ತೇನೆ.

ಗುಮ್ಮಟ ಗ್ಯಾಲರಿ (ವಿಜಯಪುರ)

ಫೋನಿನಲ್ಲಿ ಬೇಡ ಅಣ್ಣಾ, ಗಾಳಿ ಬಡಿದು ಬರೀ ಬುಸ್ ಅನ್ನುತ್ತದೆ. ನನ್ನ ಹತ್ತಿರ ಸಣ್ಣ ರೆಕಾರ್ಡರ್ ಇದೆ, ಎರಡು ಮೈಕಿನದು. ಮುಂದಿನ ಭಾನುವಾರ ಮುಧೋಳಕ್ಕೆ ಬಸ್ ಹತ್ತುತ್ತೇನೆ. ಮೋಟರ್ ಪಾಳಿ ಹಗಲಿದೆಯೋ ರಾತ್ರಿಯಿದೆಯೋ ಮೊದಲೇ ತಿಳಿಸಿ. ರಾತ್ರಿ ಇದ್ದರೆ ಉಳಿಯುವ ವ್ಯವಸ್ಥೆ ಮಾಡಿಕೊಂಡು ಬರುತ್ತೇನೆ.

ಕಬ್ಬಿನ ತೋಟ (ಮುಧೋಳ)

ಈ ವಾರ ರಾತ್ರಿ ಪಾಳಿ. ಉಳಿಯುವ ವ್ಯವಸ್ಥೆ ಏನೂ ಬೇಡ, ಮನೆ ಇದೆ. ಬೂಟು ಹಾಕಿಕೊಂಡು ಬನ್ನಿ, ಚಪ್ಪಲಿ ಬೇಡ.